‘ಸಮಾನ ಕೆಲಸ’ದ ‘ಸಮಾನ’ ಯಾವ ಸಮಾನ?

ಬಳಗಕ್ಕೆ ನಮಸ್ಕಾರ.

ಬ್ರಿಟನ್ನಿನಲ್ಲಿ ಹೆಂಗಸರ ಸಂಬಳಕ್ಕಾಗಿ ನಡೆದ ಜಗಳದ ಬಗ್ಗೆ ಒಂದು ಉದ್ದನೆಯ ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ವಾರದಿಂದ ಒಂದೇ ಪದಕ್ಕೆ ಸಿಕ್ಕಿಕೊಂಡಿದ್ದೇನೆ. ಅದೂ ನಮಗೆಲ್ಲ ಬಾಯಿಪಾಠವಾದ ಪದ: ಸಮಾನ.

‘ಸಮಾನ ಕೆಲಸಕ್ಕೆ ಸಮಾನ ವೇತನ’ ಅಂತ ಗೋಡೆಯ ಮೇಲೆ ಓದಿದ್ದೇವೆ, ಮೆರವಣಿಗೆಯಲ್ಲಿ ಕೂಗಿದ್ದೇವೆ, ಸಂವಿಧಾನದ 39ನೇ ವಿಧಿಯಲ್ಲೂ ಇದೆ. ಎರಡನೆಯ ‘ಸಮಾನ’ದ್ದು ತಕರಾರಿಲ್ಲ, ಅವನಿಗೆ ನೂರಾದರೆ ಇವಳಿಗೂ ನೂರು. ಕೈಕೊಡುವುದು ಮೊದಲನೆಯದು. ಅದೇ ಕೆಲಸವೋ, ಅದರಂಥ ಕೆಲಸವೋ, ಪೂರ್ತಿ ಬೇರೆಯಾದರೂ ಅಷ್ಟೇ ಬೆಲೆಯುಳ್ಳ ಕೆಲಸವೋ? ಕಾನೂನಿನ ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಮಾತಿದೆ: ಸೇಮ್ ವರ್ಕ್, ಲೈಕ್ ವರ್ಕ್, ವರ್ಕ್ ಆಫ್ ಈಕ್ವಲ್ ವ್ಯಾಲ್ಯೂ. ನಾನು ಮೂರಕ್ಕೂ ‘ಸಮಾನ’ ಹಾಕುತ್ತ ಹೋದೆ. ಹನ್ನೆರಡನೇ ಪುಟದ ಹೊತ್ತಿಗೆ ಇವರೆಲ್ಲ ಯಾತಕ್ಕೆ ಬಡಿದಾಡುತ್ತಿದ್ದಾರೆ ಅಂತ ನನಗೇ ತಿಳಿಯದಾಯಿತು.

ಹಿನ್ನೆಲೆ ಇಷ್ಟು. 1968ರ ಜೂನ್ 7ರಂದು, ಲಂಡನ್ನಿನ ಡಾಗೆನ್‌ಹ್ಯಾಮ್‌ನಲ್ಲಿ ಫೋರ್ಡ್ ಕಾರಿನ ಸೀಟಿಗೆ ಕವರು ಹೊಲಿಯುತ್ತಿದ್ದ 187 ಹೆಂಗಸರು ಮಷೀನು ನಿಲ್ಲಿಸಿ ಎದ್ದರು. ಅವರ ಮೊದಲ ಬೇಡಿಕೆ ಸಮಾನ ವೇತನದ್ದಲ್ಲ, ದರ್ಜೆಯದು. ಕಂಪನಿ ಅವರನ್ನು ‘ಬಿ’ಗೆ, ಅಂದರೆ ಅಷ್ಟೇನೂ ನುರಿಯದವರ ಸಾಲಿಗೆ, ಹಾಕಿತ್ತು, ನಾವು ‘ಸಿ’ಯವರು ಅಂತ ಅವರ ವಾದ. ಆ ‘ಬಿ’ಯಲ್ಲೂ ಗಂಡಸರ ದರದ ಶೇ 85 ಮಾತ್ರ ಸಿಗುತ್ತಿತ್ತು. ಮೂರು ವಾರ ಕಳೆದ ಮೇಲೆ ಮಂತ್ರಿ ಬಾರ್ಬರಾ ಕ್ಯಾಸಲ್ ನಡುವೆ ಬಂದರು, ಶೇ 92ಕ್ಕೆ ರಾಜಿಯಾಯಿತು. ದರ್ಜೆ ಮಾತ್ರ ಕದಲಲಿಲ್ಲ. ಅದಕ್ಕೆ 1984ರಲ್ಲಿ ಮತ್ತೊಂದು ಮುಷ್ಕರವೇ ಬೇಕಾಯಿತು. ಹೊಲಿಗೆ ಹೆಂಗಸರಿಗೆ ತಾನಾಗಿ ಬರುತ್ತದೆ, ಅದರಲ್ಲಿ ಕಲಿಯುವುದೇನಿದೆ ಅನ್ನುವ ಲೆಕ್ಕ!

(ಇಲ್ಲೇ ಒಂದು ಚಿಕ್ಕ ತೊಡಕು. ಸ್ಕಿಲ್ಡ್, ಅನ್‌ಸ್ಕಿಲ್ಡ್‌ಗೆ ನಮ್ಮ ಕನಿಷ್ಠ ವೇತನದ ಅಧಿಸೂಚನೆಗಳು ಕುಶಲ, ಅಕುಶಲ ಅನ್ನುತ್ತವೆ. ‘ಅಕುಶಲ ಕಾರ್ಮಿಕ’ ಅಂತ ಪೇಪರಿನಲ್ಲಿ ಓದಿ ಹೇಳಿದರೆ ನಮ್ಮಜ್ಜಿ ‘ಪಾಪ, ಏನಾಗಿತ್ತಂತೆ?’ ಅಂತಿದ್ದಳು. ನಾನು ‘ನುರಿತ’, ‘ನುರಿಯದ’ ಇಟ್ಟುಕೊಂಡಿದ್ದೇನೆ.)

1970ರಲ್ಲಿ ಅಲ್ಲಿ ಬಂದ ಸಮಾನ ವೇತನದ ಕಾಯ್ದೆ ಮುಖ್ಯವಾಗಿ ಹಿಡಿದದ್ದು ‘ಲೈಕ್ ವರ್ಕ್’ ಅನ್ನು. ಜಾರಿಯಾಗಿದ್ದು 1975ರ ಕೊನೆಗೆ. ಆದರೆ ಸೀಟು ಹೊಲಿಯುವ ಗಂಡಸೇ ಇಲ್ಲದಿದ್ದರೆ ಆ ಹೆಂಗಸನ್ನು ಯಾರ ಪಕ್ಕ ನಿಲ್ಲಿಸಿ ನೋಡುವುದು? ಈ ತೂತನ್ನು 1982ರಲ್ಲಿ ಯುರೋಪಿನ ನ್ಯಾಯಾಲಯ ಎತ್ತಿ ತೋರಿಸಿತು. ಥ್ಯಾಚರ್ ಸರ್ಕಾರ ಒಲ್ಲದ ಮನಸ್ಸಿನಿಂದ 1983ರಲ್ಲಿ ‘ಈಕ್ವಲ್ ವ್ಯಾಲ್ಯೂ’ ಸೇರಿಸಿತು. ಅದನ್ನು ಮೊದಲಿಗೆ ಬಳಸಿದವರಲ್ಲಿ ಒಬ್ಬಳು ಬರ್ಕನ್‌ಹೆಡ್‌ನ ಹಡಗುಕಟ್ಟೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಜೂಲಿ ಹೇವರ್ಡ್. ನನ್ನ ಕೆಲಸ ಅಲ್ಲಿನ ಬಡಗಿಯ, ಬಣ್ಣ ಬಳಿಯುವವನ ಕೆಲಸಕ್ಕಿಂತ ಯಾವುದರಲ್ಲಿ ಕಡಿಮೆ ಅಂತ ಕೇಳಿದಳು. ಕಂಪನಿಯ ಉತ್ತರಗಳಲ್ಲೊಂದು: ಅವಳಿಗೆ ಊಟ ಪುಕ್ಕಟೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ‘ಊಟ ಹಾಕಿ ಇಷ್ಟು, ಊಟ ಇಲ್ಲದೆ ಇಷ್ಟು’ ಅಂತ ಕೂಲಿ ಮಾತಾಡುವ ನಮಗೆ ಇದನ್ನು ಅನುವಾದಿಸಿ ಹೇಳಬೇಕಾಗಿಲ್ಲ. 1988ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಕೊನೆಯ ಮೇಲ್ಮನವಿಯ ನ್ಯಾಯಾಲಯವೂ ಅದೇ) ಆ ವಾದ ಒಪ್ಪಲಿಲ್ಲ, ಅವಳು ಗೆದ್ದಳು.

ಈಗ ಅಡುಗೆಯನ್ನೂ ಬಡಗಿತನವನ್ನೂ ‘ಸಮಾನ ಕೆಲಸ’ ಅಂತ ಬರೆದರೆ ಯಾರು ಒಪ್ಪುತ್ತಾರೆ? ಮೊದಲ ಎರಡಕ್ಕೆ ‘ಅದೇ ಕೆಲಸ’, ‘ಅದೇ ಬಗೆಯ ಕೆಲಸ’ ಅಂತ ಇಟ್ಟಿದ್ದೇನೆ, ಅಲ್ಲಿಗೆ ಸಮಾಧಾನ. ಮೂರನೆಯದಕ್ಕೆ ‘ಸಮಮೌಲ್ಯದ ಕೆಲಸ’ ಅನ್ನಬಹುದು, ಆದರೆ ಸರ್ಕಾರಿ ಸುತ್ತೋಲೆಯ ವಾಸನೆ. ನನ್ನ ಒಲವು ‘ಸರಿದೂಗುವ ಕೆಲಸ’ದ ಕಡೆ. ಎರಡು ಬೇರೆ ಸಾಮಾನನ್ನು ತಕ್ಕಡಿಯಲ್ಲಿಟ್ಟು ತೂಗುವ ಚಿತ್ರ ಅದರಲ್ಲೇ ಇದೆ. ನ್ಯಾಯಾಲಯ ಮಾಡಿದ್ದೂ ಅದನ್ನೇ. ಆದರೆ ಮನೆಯಲ್ಲಿ ಇದನ್ನು ಓದಿದವರು ‘ಸರಿದೂಗಿಸೋದು ಅಂದ್ರೆ ಹೇಗೋ ಹೊಂದಿಸೋದು ತಾನೆ?’ ಅಂದುಬಿಟ್ಟರು. ಆ ಅನುಮಾನ ನಿಮಗೂ ಬರುತ್ತದೆಯೇ?

ಇದು ಬರೀ ಇಂಗ್ಲೆಂಡಿನ ಗೊಡವೆಯಲ್ಲ. ನಮ್ಮ 1976ರ ಕಾಯ್ದೆಯೂ, ಅದರ ಜಾಗಕ್ಕೆ ಮಾಡಿದ 2019ರ ವೇತನ ಸಂಹಿತೆಯೂ ‘ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸ’ಕ್ಕೆ ನಿಂತುಬಿಡುತ್ತವೆ. ‘ಈಕ್ವಲ್ ವ್ಯಾಲ್ಯೂ’ ಅನ್ನುವ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ ಒಪ್ಪಂದವನ್ನು ಭಾರತ 1958ರಲ್ಲೇ ಅಂಗೀಕರಿಸಿದ್ದರೂ. ನಮ್ಮ ಮನೆಯ ಹಳೇ ಲೆಕ್ಕದ ಪುಸ್ತಕದಲ್ಲಿ ‘ಗಂ 4, ಹೆಂ 11’ ಅಂತಿದೆ, ಎದುರಿಗೆ ಎರಡು ಬೇರೆ ಕೂಲಿ. ಗಂಡಾಳು ಬದು ಕೆತ್ತುತ್ತಿದ್ದ, ಹೆಣ್ಣಾಳು ದಿನವಿಡೀ ಕೆಸರಲ್ಲಿ ಬಗ್ಗಿ ನಾಟಿ ಮಾಡುತ್ತಿದ್ದಳು. ‘ಕೆಲಸ ಬೇರೆ, ಕೂಲಿ ಬೇರೆ’ ಅಂತ ಅಪ್ಪ. ಅದೇ ಬಗೆಯ ಕೆಲಸ ಅಲ್ಲ ಅನ್ನುವುದು ನಿಜ. ಸರಿದೂಗುವುದಿಲ್ಲವೇ ಅಂತ ಕೇಳಲು ಆಗ ನನ್ನ ಹತ್ತಿರ ಆ ಮಾತೇ ಇರಲಿಲ್ಲ.

ಇನ್ನೊಂದು ಪ್ರಶ್ನೆ, ಸ್ವಲ್ಪ ತಮಾಷೆಯದು. 1983ರ ಜುಲೈ 20ರ ರಾತ್ರಿ ಆ ‘ಈಕ್ವಲ್ ವ್ಯಾಲ್ಯೂ’ ನಿಯಮಗಳನ್ನು ಸಂಸತ್ತಿನಲ್ಲಿ ಮಂಡಿಸಿದ್ದು ಆಲನ್ ಕ್ಲಾರ್ಕ್ ಎಂಬ ಕಿರಿಯ ಮಂತ್ರಿ. ವೈನು ರುಚಿ ನೋಡುವ ಕೂಟದಿಂದ ಬಂದಿದ್ದರಂತೆ, ಅವರೇ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಆಗಷ್ಟೇ ಆರಿಸಿಬಂದಿದ್ದ ಕ್ಲೇರ್ ಶಾರ್ಟ್ ಎದ್ದು ನಿಂತರು. ಸದನದಲ್ಲಿ ಯಾರನ್ನೂ ಕುಡಿದಿದ್ದಾರೆ ಅನ್ನುವಂತಿಲ್ಲ. ಅದಕ್ಕೆ ಅವರು, ಮಂತ್ರಿಗಳು ‘ಇನ್‌ಕೇಪಬಲ್’ ಆಗಿದ್ದಾರೆ ಅಂದರು. ಅಲ್ಲಿನ ಪೊಲೀಸರ ಭಾಷೆಯಲ್ಲಿ ‘ಡ್ರಂಕ್ ಅಂಡ್ ಇನ್‌ಕೇಪಬಲ್’ ಅನ್ನುವ ಜೋಡಿ ಇರುವುದರಿಂದ ಎಲ್ಲರಿಗೂ ಅರ್ಥವಾಯಿತು. ‘ಅಸಮರ್ಥ’ ಅಂದರೆ ಚಾಟಿ ತಪ್ಪುತ್ತದೆ, ‘ಅಮಲಿನಲ್ಲಿದ್ದಾರೆ’ ಅಂದರೆ ಮುಸುಕು ಹಾರುತ್ತದೆ. ಸದ್ಯಕ್ಕೆ ‘ಮಂತ್ರಿಗಳು ಸ್ತಿಮಿತದಲ್ಲಿಲ್ಲ’ ಅಂತ ಬರೆದಿದ್ದೇನೆ. ನಮ್ಮ ವಿಧಾನಸಭೆಯ ಕಡತ ತಿರುವಿದವರು ಯಾರಾದರೂ ಇದಕ್ಕಿಂತ ಹದವಾದ ಮಾತು ಕೇಳಿದ್ದರೆ ತಿಳಿಸಿ. ಗುರುವಾರಕ್ಕೆ ಕರಡು ಕೊಡಬೇಕು.