ಹಾಸನದಲ್ಲಿ ಹಳೇ ವಠಾರ ಮಾರಾಟಕ್ಕಿದೆ, ಮೊದಲ ಹೂಡಿಕೆಗೆ ತಗೋಬಹುದಾ?

ಬೈಪಾಸ್ ಹುಡುಗ:
ಪೆನ್ಷನ್ ಮೊಹಲ್ಲಾ ಕಡೆ 50×80 ಜಾಗದಲ್ಲಿ ಒಂದು ವಠಾರ ನೋಡಿದೀನಿ. ಎದುರುಬದುರು ಎರಡು ಲೈನು, ಒಟ್ಟು 11 ಮನೆ. ಒಂದು ಸಾಲಿಗೆ ಹೆಂಚು, ಇನ್ನೊಂದಕ್ಕೆ ಸಿಮೆಂಟ್ ಶೀಟು. ಹಿಂದುಗಡೆ ಎಲ್ಲರಿಗೂ ಸೇರಿ ಮೂರು ಕಕ್ಕಸು, ಒಂದರ ಬಾಗಿಲು ಹಗ್ಗದಲ್ಲಿ ಕಟ್ಟಿದಾರೆ. ಕೇಳ್ತಿರೋದು 85 ಲಕ್ಷ. ಬ್ರೋಕರ್ ಲೆಕ್ಕ: "ಮನೆಗೆ 3,000, ತಿಂಗಳಿಗೆ 33 ಸಾವಿರ, ಕೂತ್ಕೊಂಡು ತಿನ್ನಿ." ಅಮೆರಿಕದಲ್ಲಿ ಹಾಳುಬಿದ್ದ ಮೊಬೈಲ್ ಹೋಮ್ ಪಾರ್ಕ್ (ಸಾಗಿಸಬಹುದಾದ ಮನೆಗಳನ್ನ ಸಾಲಾಗಿ ನಿಲ್ಲಿಸಿರೋ ಜಾಗ) ತಗೊಂಡು ಸರಿಮಾಡಿ ದುಡ್ಡು ಮಾಡೋರ ವಿಡಿಯೋ ನೋಡಿ ನೋಡಿ ನನಗೂ ಆಸೆ ಹತ್ತಿದೆ. ಅಪ್ಪ ಮಾತ್ರ "ಅದೇ ದುಡ್ಡಿಗೆ ಸೈಟ್ ತಗೊಂಡು ಸುಮ್ನಿರು" ಅಂತಾರೆ. ಏನೇನು ನೋಡ್ಬೇಕು ಹೇಳಿ.

ಲೈನ್‌ಮನೆ ಓನರ್:
ಮೊದಲು ಆ ವಿಡಿಯೋ ಮರೆತುಬಿಡಪ್ಪ. ಅಲ್ಲಿ ಬಹಳಷ್ಟು ಕಡೆ ಮನೆ ಬಾಡಿಗೆದಾರನದೇ, ಓನರ್ ಕೊಡೋದು ಜಾಗ, ನೀರು, ಚರಂಡಿ. ಸೂರು ಸೋರಿದರೆ ಬಾಡಿಗೆದಾರನ ತಲೆನೋವು. ನಮ್ಮಲ್ಲಿ ಜೂನ್ ಮಳೇಲಿ ಒಂದು ಹೆಂಚು ಜಾರಿದ್ರೂ ರಾತ್ರಿ ಹತ್ತಕ್ಕೆ ಫೋನ್ ಬರೋದು ನಿನಗೇ.

ಆಮೇಲೆ ಬ್ರೋಕರ್ ಇಲ್ಲದೆ, ಭಾನುವಾರ ಬೆಳಿಗ್ಗೆ ನೀನೊಬ್ಬನೇ ಹೋಗು. ಒಂದೊಂದು ಬಾಗಿಲಿಗೂ ಹೋಗಿ ಕೇಳು: ಬಾಡಿಗೆಯಾ, ಭೋಗ್ಯವಾ? ಎಷ್ಟು ಅಡ್ವಾನ್ಸ್? ಕೊನೇ ಬಾಡಿಗೆ ಯಾವಾಗ ಕೊಟ್ರಿ? ಓನರ್ ಬಾಯಲ್ಲಿ "ಎಲ್ಲಾ ಫುಲ್ ಸಾರ್" ಅನ್ನೋದಕ್ಕೂ ಇದಕ್ಕೂ ತಾಳೆಯಾಗಲ್ಲ. ಭೋಗ್ಯಕ್ಕಿರೋನು ತಿಂಗಳಿಗೆ ಬಿಡಿಗಾಸು ಕೊಡಲ್ಲ, ಬಿಡುವಾಗ ಇಡುಗಂಟು ವಾಪಸ್ ಕೇಳ್ತಾನೆ. ಹಳೇ ಓನರ್ ತಿಂದ ಆ ಗಂಟನ್ನ ನಿನ್ನ ಹತ್ರ ಕೇಳೋಕೆ ಬರ್ತಾನೆ. ನೋಟದಲ್ಲಿ ಮನೆ ತುಂಬಿದೆ, ನಿಜದಲ್ಲಿ ಅದು ಸಾಲ.

ಕಕ್ಕಸಿನ ಪಿಟ್ ಎಲ್ಲಿದೆ, ಯುಜಿಡಿ (ಒಳಚರಂಡಿ) ಕನೆಕ್ಷನ್ ಇದೆಯಾ ನೋಡು. ಕರೆಂಟು ಒಂದೇ ಮೀಟರಲ್ಲಿ ಇದ್ಯಾ? ಹಾಗಿದ್ರೆ 11 ಮನೆ ಸೇರಿ 200 ಯೂನಿಟ್ ದಾಟೋದು ಗ್ಯಾರಂಟಿ, ಒಬ್ಬರಿಗೂ ಗೃಹಜ್ಯೋತಿ (ಸರ್ಕಾರದ ಉಚಿತ ಕರೆಂಟ್ ಯೋಜನೆ) ಸಿಗಲ್ಲ, ತಿಂಗಳು ತಿಂಗಳು ಬಿಲ್ ಹಂಚೋ ಜಗಳ ಬೇರೆ. ಪ್ರತ್ಯೇಕ ಮೀಟರ್‌ಗೆ ಸೆಸ್ಕ್ (ಇಲ್ಲಿನ ಕರೆಂಟ್ ಕಂಪನಿ) ಕಚೇರೀಲಿ ವಿಚಾರಿಸು. ಹಾಗೆ ಮೀಟರ್ ಬಂದು ಕರೆಂಟ್ ಬಿಲ್ ಉಳಿಯೋ ಮನೆಗೆ ಐನೂರು ಜಾಸ್ತಿ ಕೊಡೋಕೆ ಜನ ಹಿಂದೆಮುಂದೆ ನೋಡಲ್ಲ. ಸುಣ್ಣಬಣ್ಣಕ್ಕಿಂತ ಇದು ಮುಖ್ಯ.

ಉದಯಗಿರಿ ಅಕ್ಕ:
ನಾನು ಕ್ರಯಪತ್ರ ಬರೆಯೋ ಕಚೇರೀಲಿ ಕೆಲಸ ಮಾಡೋದು. ಮಾರ್ತಿರೋರು ಯಾರು? ಅಣ್ಣತಮ್ಮ ಇಬ್ಬರೇ ಸಹಿ ಹಾಕ್ತೀವಿ ಅಂದ್ರೆ ವಂಶವೃಕ್ಷ ಕೇಳಿ. ಪಿತ್ರಾರ್ಜಿತವಾಗಿದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಹೆಣ್ಮಕ್ಕಳಿಗೂ ಸಮಪಾಲು. ಅಪ್ಪನ ಸ್ವಯಾರ್ಜಿತ ಆಗಿದ್ದು ವಿಲ್ ಬರೆಯದೇ ತೀರಿಕೊಂಡಿದ್ರೂ ತಾಯಿ, ಹೆಣ್ಮಕ್ಕಳು ಹಕ್ಕುದಾರರೇ. "ಅಕ್ಕ ಅರಸೀಕೆರೇಲಿದಾಳೆ, ಏನೂ ಅನ್ನಲ್ಲ" ಅನ್ನೋ ಮಾತು ಕೋರ್ಟಲ್ಲಿ ನಿಲ್ಲಲ್ಲ, ಅವರ ಸಹಿ ಬೇಕು.

ಇ-ಖಾತೆ (ಆನ್‌ಲೈನ್ ಆಸ್ತಿ ದಾಖಲೆ) ಇಲ್ಲದೆ ಈಗ ರಿಜಿಸ್ಟ್ರಿ ಆಗಲ್ಲ. ಖರ್ಚೂ ಏರಿದೆ: 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು 2 ಆಯ್ತು. ಮುದ್ರಾಂಕ, ಸೆಸ್ಸು ಎಲ್ಲ ಸೇರಿ ಶೇ 7.6, ಅಂದ್ರೆ 85 ಲಕ್ಷಕ್ಕೆ ಆರೂವರೆ ಲಕ್ಷದ ಹತ್ತಿರ. 50 ಲಕ್ಷ ದಾಟಿರೋದ್ರಿಂದ ಶೇ 1 ಟಿಡಿಎಸ್ (ಮೂಲದಲ್ಲೇ ಹಿಡಿಯೋ ಆದಾಯ ತೆರಿಗೆ) ನೀವೇ ಹಿಡಿದು ಕಟ್ಟಬೇಕು. ಅದು ಮಾರೋರಿಗೆ ಕೊಡೋ ದುಡ್ಡಲ್ಲಿ ಕಳೆಯೋದು, ನಿಮ್ಮ ಕೈಯಿಂದಲ್ಲ.

ಬೈಪಾಸ್ ಹುಡುಗ:
ಹೋಗಿ ಕೇಳ್ಕೊಂಡು ಬಂದೆ. ಮೂರು ಮನೆ ಭೋಗ್ಯಕ್ಕೆ, ಒಟ್ಟು 7 ಲಕ್ಷ. ಎರಡು ಖಾಲಿ, ಒಂದರಲ್ಲಿ ಗೆದ್ದಲು ಹಿಡಿದು ತೊಲೆ ಜಗ್ಗಿದೆ. ಬಾಡಿಗೆ ಕೊಡ್ತಿರೋರು ಆರೇ ಮನೆ. ಭೋಗ್ಯದೋರ ಹತ್ರ ಇರೋದು ಬರೀ ಛಾಪಾ ಕಾಗದ, ತೀರಿಹೋದ ಯಜಮಾನರ ಸಹಿ. ಇಸಿ (ಆಸ್ತಿ ಮೇಲಿನ ಋಣಭಾರ ಪತ್ರ) ತೆಗೆಸಿದ್ರೆ ಕ್ಲೀನಾಗಿದೆ.

ಲೈನ್‌ಮನೆ ಓನರ್:
ರಿಜಿಸ್ಟರ್ ಆಗದ ಭೋಗ್ಯ ಇಸೀಲಿ ಎಲ್ಲಿಂದ ಕಾಣಬೇಕು! ಲೆಕ್ಕ ಹಾಕು: ಆರು ಮನೆ, ತಿಂಗಳಿಗೆ 18 ಸಾವಿರ, ವರ್ಷಕ್ಕೆ 2,16,000. 85 ಲಕ್ಷಕ್ಕೆ ಶೇ ಎರಡೂವರೆ. ರಿಪೇರಿ, ಕಂದಾಯ ಇನ್ನೂ ಕಳೆದಿಲ್ಲ. ಎಫ್‌ಡಿ ಇಟ್ರೆ ಇದರ ಎರಡರಷ್ಟು ಬರುತ್ತೆ. ಬಾಡಿಗೆಯ ಹೆಸರಲ್ಲಿ ಅವರು ಮಾರ್ತಿರೋದು ಜಾಗ. ಹಾಗಾಗಿ ಆ ಬೀದೀಲಿ ಖಾಲಿ ನಿವೇಶನ ಚದರಡಿಗೆ ಎಷ್ಟಕ್ಕೆ ಹೋಗಿದೆ ವಿಚಾರಿಸಿ, 4,000ಕ್ಕೆ ಗುಣಿಸಿ, ಅದಕ್ಕಿಂತ ಮೇಲೆ ಒಂದು ರೂಪಾಯಿ ಕೊಡಬೇಡ. ಅದರಲ್ಲೇ 7 ಲಕ್ಷ, ಉಳಿದವರ ಅಡ್ವಾನ್ಸ್ ಎಲ್ಲ ಕಳಿ. ಜಾಗದ ಬೆಲೆಗೆ ಸಿಗೋ ಹಾಗಿದ್ರೆ ತಗೋ, ಹತ್ತು ವರ್ಷಕ್ಕೆ ಒಳ್ಳೇದೇ. ಇಲ್ಲಾಂದ್ರೆ ನಿಮ್ಮಪ್ಪ ಹೇಳಿದ್ದೇ ಸರಿ.

ಖಾಲಿ ಮಾಡಿಸಿ ಕಟ್ಟಡ ಎತ್ತುತೀನಿ ಅನ್ನೋ ಆಸೆ ಇದ್ರೆ ವಕೀಲರನ್ನ ಮೊದಲೇ ಕಾಣು. ಈ ಮನೆಗಳಿಗೆ 1999ರ ಬಾಡಿಗೆ ಕಾಯ್ದೆ ಅನ್ವಯಿಸುತ್ತಾ ಅಂತ ಕೇಳು. ಇಪ್ಪತ್ತು ವರ್ಷದಿಂದ ಇರೋ ಅಜ್ಜಿನ ಎಬ್ಬಿಸೋಕೆ ಮನಸ್ಸು ಬರುತ್ತಾ ಅನ್ನೋದು ಬೇರೆ ಮಾತು, ನನಗಂತೂ ಬರಲಿಲ್ಲ.

ಉದಯಗಿರಿ ಅಕ್ಕ:
ಕ್ರಯದ ಕರಾರಲ್ಲೇ ಭೋಗ್ಯದ ಮೂವರ ಹೆಸರು, ಮೊತ್ತ ಬರೆಸಿ, ಅವರ ಸಹಿನೂ ಹಾಕಿಸಿ. ಮಾರುವವರು ತೀರಿಸಿ ಕೊಟ್ಟ ಮೇಲೆ ರಿಜಿಸ್ಟ್ರಿ. ಅದಕ್ಕೆ ಮುಂಚೆ ಅಡ್ವಾನ್ಸ್ ಜಾಸ್ತಿ ಬಿಡಬೇಡಿ.