ಮದುವೆ ಶೂಟಿಂಗ್‌ಗೆ ಯಾವ ಮೆಮೊರಿ ಕಾರ್ಡ್ ನಂಬಬಹುದು? ಅನುಭವ ಇದ್ದವರು ಹೇಳಿ

ಹೊಸನಗರ ಹುಡುಗ:
ಸೋನಿ ಎಫ್ಎಕ್ಸ್3 ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ, ಕಾರ್ಡ್ ಕೊಟ್ಟಿಲ್ಲ. ಮದುವೆಗಳಿಗೆ 4ಕೆ 50ಪಿ (ಸೆಕೆಂಡಿಗೆ 50 ಫ್ರೇಮ್), 10 ಬಿಟ್ ಬಣ್ಣದಲ್ಲಿ ವಿಡಿಯೋ ಮಾಡಬೇಕು ಅಂತ ಇದೆ. ಯಾವ ಕಾರ್ಡ್ ತಗೊಳ್ಳಲಿ? ತಂದ ಮೇಲೆ ಹೇಗೆ ಟೆಸ್ಟ್ ಮಾಡ್ತೀರಿ?

ಸಾಗರ ಸ್ಟುಡಿಯೋ:
ವಿ90 ಅನ್ನೋ ಸ್ಪೀಡ್ ದರ್ಜೆಯ ಕಾರ್ಡ್ ತಗೊಳ್ಳಿ, ಬೇರೆ ಮಾತೇ ಬೇಡ. ಮೊದಲು ನಮ್ಮಲ್ಲಿ ಇದ್ದದ್ದೆಲ್ಲ ಅದಕ್ಕಿಂತ ಕಡಿಮೆ ಸ್ಪೀಡಿನ ವಿ30. ತಾಳಗುಪ್ಪ ಕಡೆ ಒಂದು ಮದುವೆ, ಧಾರೆ ಮುಗಿದು ಕಾರ್ಡ್ ಲ್ಯಾಪ್‌ಟಾಪಿಗೆ ಹಾಕಿದರೆ ಫಾರ್ಮ್ಯಾಟ್ ಮಾಡಿ ಅಂತ ತೋರಿಸುತ್ತಿದೆ. ಕ್ಯಾಮೆರಾಗೆ ಹಾಕಿದರೂ ಅದೇ. ಬೆಂಗಳೂರಿಗೆ ರಿಕವರಿಗೆ ಕಳಿಸಿದೆವು. ಬರೀ ನೋಡಿ ಹೇಳೋಕೆ 2,000, ತೆಗೆದುಕೊಟ್ಟಿದ್ದಕ್ಕೆ 16,500, ಕೊರಿಯರ್ ಖರ್ಚು ಬೇರೆ. ಬಂದದ್ದು ಅರ್ಧ ಫೈಲು, ಅದರಲ್ಲಿ ಧಾರೆಯೇ ಇಲ್ಲ. ಹುಡುಗಿ ಅಪ್ಪ ಬಾಕಿ 45,000 ಕೊಡಲಿಲ್ಲ, ಕೇಳೋಕೆ ನನಗೂ ಮುಖ ಇರಲಿಲ್ಲ. ಆಮೇಲೆ ಒಂದೊಂದಕ್ಕೆ 18 ಸಾವಿರದ ಮೇಲೆ ಕೊಟ್ಟು ವಿ90 ತಂದೆ. ಇವತ್ತಿನವರೆಗೆ ಒಂದು ಕ್ಲಿಪ್ ಹೋಗಿಲ್ಲ.

ರಾತ್ರಿ ಆಟ:
ತೀರ್ಥಹಳ್ಳಿ ಸುತ್ತಮುತ್ತ ಯಕ್ಷಗಾನ ರೆಕಾರ್ಡ್ ಮಾಡುವವನು ನಾನು. ವಿ30, ವಿ90 ಎಲ್ಲ ಆಮೇಲೆ. ಮೊದಲು ಕಾರ್ಡ್ ಅಸಲಿಯಾ ನೋಡಿ. ಆನ್‌ಲೈನಿನಲ್ಲಿ 256 ಜಿಬಿ ಅಂತ ಬಂದದ್ದು, ಒಳಗೆ ಇದ್ದದ್ದು 32. ಪ್ಯಾಕಿಂಗು, ಲೇಬಲ್ಲು ಎಲ್ಲ ಅಸಲಿ ಹಾಗೇ. ಬೆಳಗಿನ ಜಾವ ಮಂಗಳ ಹಾಡುವವರೆಗೂ ಕ್ಯಾಮೆರಾ ಏನೂ ತಕರಾರು ಮಾಡಲಿಲ್ಲ ಮಾರಾಯ್ರೇ. ಮನೆಗೆ ಬಂದು ನೋಡಿದರೆ ಫೈಲುಗಳ ಹೆಸರು ಇದೆ, ಸೈಜೂ ಇದೆ, ಓಪನ್ ಮಾಡಿದರೆ ಏನೂ ಇಲ್ಲ. ಮೇಳದವರಿಗೆ ಏನು ಹೇಳೋದು? ವಾಪಸ್ ಕಳಿಸೋಕೆ ಹೋದರೆ ಮಾರಿದವನು ಅವಧಿ ಮುಗಿದಿದೆ ಅಂದ. 3,400 ಹೋಯಿತು. ಈಗ ಯಾವ ಕಾರ್ಡ್ ಬಂದರೂ ಪ್ಯಾಕ್ ಒಡೆದ ದಿನವೇ ವಿಂಡೋಸ್ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಸಾಫ್ಟ್‌ವೇರ್ ಹಾಕುತ್ತೇನೆ. ಪೂರ್ತಿ ಕಾರ್ಡ್ ತುಂಬಿಸಿ, ಮತ್ತೆ ಪೂರ್ತಿ ಓದಿ ತಾಳೆ ನೋಡುತ್ತದೆ. ಮ್ಯಾಕ್, ಲಿನಕ್ಸ್ ಇದ್ದವರಿಗೆ ಎಫ್3 ಇದೆ. ಹಳೇ ಯುಎಸ್‌ಬಿ 2.0 ರೀಡರ್‌ನಲ್ಲಿ ಮಾಡಬೇಡಿ, 128 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಕೊಪ್ಪದ ಕ್ಯಾಮೆರಾ:
ಸಾಗರದವರೇ, ನಿಮ್ಮ ಕಾರ್ಡ್ ಸತ್ತದ್ದಕ್ಕೂ ಸ್ಪೀಡಿಗೂ ಏನು ಸಂಬಂಧ? ವಿ30 ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬಿಡದೆ ಬರೆಯುತ್ತದೆ ಅಂತ, ವಿ90 ಅಂದರೆ 90. ಅಷ್ಟೇ. ಬಾಳಿಕೆ ಬರುತ್ತದೆ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. 4ಕೆ 50ಪಿ ಎಕ್ಸ್‌ಎವಿಸಿ ಎಸ್ ಅನ್ನೋ ಸೋನಿ ಫಾರ್ಮ್ಯಾಟಿನಲ್ಲಿ 200 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 200 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಎಂಟರಿಂದ ಭಾಗಿಸಿ, 25 ಎಂಬಿ. ವಿ30 ಸಾಕು. ಅದರದೇ ಭಾರೀ ರೂಪ ಎಸ್-ಐ ಹಾಕಿದರೆ 500 ಎಂಬಿಪಿಎಸ್, ಅಂದರೆ 62.5 ಎಂಬಿ, ಅಲ್ಲಿ ಎಸ್‌ಡಿ ಕಾರ್ಡ್ ಆದರೆ ವಿ90 ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಆಗ 128 ಜಿಬಿ ಅರ್ಧ ಗಂಟೆ ಚಿಲ್ಲರೆಯಲ್ಲಿ ಖಾಲಿ. ಮದುವೆಗೆ ಯಾರಿಗೆ ಬೇಕು ಅದು? ಆ ಕ್ಯಾಮೆರಾದಲ್ಲಿ ಎರಡು ಸ್ಲಾಟ್ ಇದೆ. ಎರಡಕ್ಕೂ ಒಟ್ಟಿಗೆ ಬರೆಯೋ ಹಾಗೆ ಇಡಿ. ಒಂದು 18 ಸಾವಿರದ ಕಾರ್ಡಿಗಿಂತ ಎರಡು ಅಸಲಿ ವಿ30 ಮೇಲು. ನನ್ನದೂ ಒಂದು ಕಾರ್ಡ್ ಶೃಂಗೇರಿ ಮದುವೆಯಲ್ಲಿ ಕೈ ಕೊಟ್ಟಿತ್ತು, ಎರಡನೇದರಲ್ಲಿ ಎಲ್ಲಾ ಇತ್ತು, ಗಿರಾಕಿಗೆ ಗೊತ್ತೇ ಆಗಲಿಲ್ಲ.

ಸಾಗರ ಸ್ಟುಡಿಯೋ:
ನನ್ನ ಆ ಹಳೇ ಕ್ಯಾಮೆರಾದಲ್ಲಿ ಇದ್ದದ್ದೇ ಒಂದು ಸ್ಲಾಟು. ಗೊತ್ತಿಲ್ಲದೆ ಪಾಠ ಹೇಳಬೇಡಿ. ಕಾಪಿ ಆಗೋದನ್ನೂ ಲೆಕ್ಕ ಹಾಕಿ. ವಿ90 ಎಲ್ಲ ಯುಎಚ್‌ಎಸ್-2, ಬೇಗ ಕಾಪಿ ಆಗುವ ಜಾತಿ. ಆ ಕಾರ್ಡಿನ ಹಿಂದೆ ಎರಡನೇ ಸಾಲು ಪಿನ್ ಇರುತ್ತದೆ, ಸರಿಯಾದ ರೀಡರ್ ಇದ್ದರೆ ಊಟದ ಪಂಕ್ತಿ ಏಳುವುದರೊಳಗೆ ಎರಡು ಡ್ರೈವಿಗೆ ಕಾಪಿ ಮುಗಿದಿರುತ್ತದೆ. ನಿಮ್ಮ ವಿ30 ಇನ್ನೂ ಅಲ್ಲೇ ಕೂತಿರುತ್ತದೆ.

ಕೊಪ್ಪದ ಕ್ಯಾಮೆರಾ:
ನಿಮ್ಮ ಪ್ಯಾಕೇಜ್ ರೇಟಿಗೆ ವಿ90 ಗಿಟ್ಟಬಹುದು. ಇಲ್ಲಿ 25 ಸಾವಿರಕ್ಕೆ ಡ್ರೋನ್ ಸಮೇತ ಒಪ್ಪಿಕೊಳ್ಳುವವರು ಬಂದು ಕೂತಿದ್ದಾರೆ. ಅವರಲ್ಲಿ ಅರ್ಧ ಜನ ಸಾಗರದ ಕಡೆಯವರೇ.

ಸಾಗರ ಸ್ಟುಡಿಯೋ:
ಯಾರು ಅಂತ ಹೇಳಿ. ಊರಿನ ಹೆಸರು ಎಳೆಯಬೇಡಿ. ನಾನು ಯಾವತ್ತೂ ರೇಟು ಇಳಿಸಿದವನಲ್ಲ.

ಆಗುಂಬೆ ಮಳೆ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ತಂಡಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಲೆನ್ಸಿಗೆ ಬೂಷ್ಟು ಬರುತ್ತದೆ, ಕಾರ್ಡಿನ ಪಿನ್ ಏನು ಲೆಕ್ಕ? ನನ್ನ ಒಂದು ಕಾರ್ಡ್ ಆರಿದ್ರಾ ಮಳೆ ಹೊತ್ತಿಗೆ ಆಗಾಗ ಎರರ್ ಕೊಡುತ್ತಿತ್ತು. ಪಿನ್ ಮೇಲೆ ಕಂದು ಕಲೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದ ಮೇಲೆ ಸರಿಹೋಯಿತು, ಆದರೂ ಅದನ್ನು ಮುಹೂರ್ತಕ್ಕೆ ಹಾಕಲ್ಲ. ಈಗ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬಣ್ಣ ತಿರುಗಿದರೆ ಬಿಸಿ ಮಾಡಿ ಮತ್ತೆ ಹಾಕೋದು.

ರಾತ್ರಿ ಆಟ:
ಅಕ್ಕಿ ಡಬ್ಬಿಯಲ್ಲಿ ಇಟ್ಟರೂ ನಡೆಯುತ್ತದೆ, ನಾನು ಇಡುತ್ತೇನೆ.

ಆಗುಂಬೆ ಮಳೆ:
ಬೇಡ ಮಾರಾಯ್ರೇ! ಅಕ್ಕಿ ಧೂಳು ಸ್ಲಾಟಿನೊಳಗೆ ಹೋದರೆ ಕ್ಯಾಮೆರಾವನ್ನೇ ಸರ್ವಿಸಿಗೆ ಕಳಿಸಬೇಕು.

ಹೊಸನಗರ ಹುಡುಗ:
ಎಲ್ಲರಿಗೂ ಧನ್ಯವಾದ. ಎರಡು ವಿ60 ನೋಡುತ್ತಿದ್ದೇನೆ. ಎಚ್2ಟೆಸ್ಟ್‌ನಲ್ಲಿ ಪಾಸಾದರೆ ಸಾಕಲ್ವಾ?

ಕೊಪ್ಪದ ಕ್ಯಾಮೆರಾ:
ಸಾಲದು. ಅದು ಜಾಗ ಅಸಲಿಯಾ ಅಂತ ಹೇಳುತ್ತದೆ. ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ನೀವು ಬಳಸುವ ಮೋಡಿನಲ್ಲೇ ಕಾರ್ಡ್ ತುಂಬುವವರೆಗೂ ಬಿಡಿ. ಗೋಡೆ ತೋರಿಸಿ ಇಡಬೇಡಿ, ಹೊರಗೆ ಅಡಿಕೆ ಮರ ಅಲ್ಲಾಡುತ್ತಿರಲಿ, ಲೆನ್ಸ್ ಆ ಕಡೆ ಇರಲಿ, ಚಲನೆ ಇದ್ದರೇನೇ ಕಾರ್ಡಿಗೆ ಪೂರ್ತಿ ಕೆಲಸ. ಕೊನೆಯ ಫೈಲನ್ನು ಪೂರ್ತಿ ಪ್ಲೇ ಮಾಡಿ ನೋಡಿ. ಸಾಗರದವರು ಇದಕ್ಕೂ ಏನಾದರೂ ಹೇಳುತ್ತಾರೆ.

ಸಾಗರ ಸ್ಟುಡಿಯೋ:
ಇದು ಸರಿ ಇದೆ. ಎರಡು ಕಾರ್ಡಿಗೂ ಬೇರೆ ಬೇರೆಯಾಗಿ ಮಾಡಿ. ರೇಟಿನ ಮಾತು ಇನ್ನೂ ಮುಗಿದಿಲ್ಲ, ಯಾರು ಅಂತ ಹೆಸರು ನನಗೆ ಮೆಸೇಜ್ ಮಾಡಿ.