ಪದಚರ್ಚೆ: ‘ಪ್ರಾಂಪ್ಟ್’ಗೆ ‘ಸೂಚನೆ’ ಎನ್ನಬಹುದೇ? ‘ಫೇಡಿಂಗ್’ಗೆ ಏನು?

ಪ್ರಶ್ನೆ:

ವಿಶೇಷ ಶಿಕ್ಷಣದಲ್ಲಿ ಬರುವ ‘ಪ್ರಾಂಪ್ಟ್’ಗೆ, ಅಂದರೆ ಮಗು ಕೆಲಸ ಸರಿಯಾಗಿ ಮಾಡುವಂತೆ ಶಿಕ್ಷಕರು ಬೆರಳು ತೋರಿಯೋ ಕೈಹಿಡಿದೋ ನಡೆಸುವುದಕ್ಕೆ, ಕನ್ನಡದಲ್ಲಿ ಏನು ಬಳಸುತ್ತೀರಿ? ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಪೋಷಕರೂ ಓದುವಂತೆ ಕನ್ನಡದಲ್ಲಿ ಬರೆಯುವಾಗ ಒಬ್ಬರು ‘ಸೂಚನೆ’ ಎನ್ನುತ್ತಾರೆ, ಇನ್ನೊಬ್ಬರು ‘ಸುಳಿವು’. ‘ಪ್ರೇರಣೆ’, ‘ಉತ್ತೇಜನ’ ಕೂಡ ಕಣ್ಣಿಗೆ ಬಿದ್ದಿವೆ. ಅದನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡುವ ‘ಫೇಡಿಂಗ್’ ಬಂದ ಕಡೆ ‘ಹಿಂತೆಗೆತ’ ಎಂದಿದೆ. ‘ಸುಳಿವು’ ಒಗ್ಗುತ್ತದೆ ಅನಿಸುತ್ತದೆ. ತಿಳಿದವರು ಹೇಳಬೇಕು.

ಉತ್ತರ:

ನೀವು ಕೊಟ್ಟ ಪದಗಳಲ್ಲಿ ಮೊದಲು ಕೈಬಿಡಬೇಕಾದದ್ದು ‘ಸೂಚನೆ’. ಕನ್ನಡದಲ್ಲಿ ‘ಹೀಗೆ ಮಾಡು’ ಎಂದು ಹೇಳುವುದೂ ಸೂಚನೆ, ಮಳೆ ಬರುವ ಮುನ್ನಿನ ಕುರುಹೂ ಸೂಚನೆ, ಗೋಡೆಗೆ ಅಂಟಿಸಿದ ಪ್ರಕಟಣೆಯೂ ಸೂಚನೆ. ಕಲಿಸುವಾಗ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಏನು ಮಾಡಬೇಕೆಂದು ಹೇಳುವುದು ಒಂದು. ಹೇಳಿದ ಮೇಲೂ ಮಗು ತೊಡಗದಿದ್ದಾಗ, ಅಥವಾ ತಪ್ಪುವ ಮೊದಲೇ, ಸರಿಯಾದ ಕ್ರಿಯೆಯತ್ತ ದಾಟಿಸುವುದು ಇನ್ನೊಂದು. ಪ್ರಾಂಪ್ಟ್ ಎಂಬುದು ಈ ಎರಡನೆಯದು. ‘ಸೂಚನೆ ಇಲ್ಲದೆ ಕೈ ತೊಳೆಯುತ್ತಾಳೆ’ ಎಂಬ ಗುರಿಯನ್ನು ಶಿಕ್ಷಕಿ, ‘ಕೈ ತೊಳೆ ಎಂದ ಮೇಲೆ ಬೇರೆ ನೆರವಿಲ್ಲದೆ’ ಎಂದು ಓದುತ್ತಾರೆ. ಮನೆಯವರು ‘ಯಾರೂ ಹೇಳದೆ, ತಾನಾಗಿಯೇ’ ಎಂದು ಓದುತ್ತಾರೆ. ಶಾಲೆಯ ದಾಖಲೆಯಲ್ಲಿ ಗುರಿ ಮುಟ್ಟಿದ ಮಗು ಮನೆಯ ದಾಖಲೆಯಲ್ಲಿ ಇದ್ದಲ್ಲೇ ಇರುತ್ತದೆ, ಇಬ್ಬರೂ ಸರಿಯಾಗಿ ಎಣಿಸಿದ್ದರೂ.

‘ಪ್ರೇರಣೆ’ ಬೇಡ, ಪಠ್ಯಗಳಲ್ಲಿ ‘ಅಭಿಪ್ರೇರಣೆ’ ‘ಮೋಟಿವೇಶನ್’ ಎಂಬ ಬೇರೆ ಅರ್ಥದಲ್ಲಿ ಬೇರೂರಿದೆ. ‘ಉತ್ತೇಜನ’ ಎಂದರೆ ಕೇಳಿದವರು ಚಪ್ಪಾಳೆ, ಶಭಾಷ್ ಎಂದುಕೊಳ್ಳುತ್ತಾರೆ. ಅದು ಪುನರ್ಬಲನ, ಮಗು ಮಾಡಿದ ಮೇಲೆ ಬರುವಂಥದು. ಪ್ರಾಂಪ್ಟ್ ಅದಕ್ಕೆ ಮೊದಲು ಬರುತ್ತದೆ.

‘ಸುಳಿವು’ ಅರ್ಧ ಸರಿ. ಚಿತ್ರದತ್ತ ಬೆರಳು ತೋರಿಸಿದರೆ, ಪದದ ಮೊದಲ ಅಕ್ಷರ ಹೇಳಿದರೆ ಅದು ಸುಳಿವು. ಆದರೆ ಮಗುವಿನ ಕೈಮೇಲೆ ಕೈಯಿಟ್ಟು ನಲ್ಲಿ ತಿರುಗಿಸಿದರೆ ಅದನ್ನು ಸುಳಿವು ಎನ್ನಲಾಗದು. ಈ ಎಲ್ಲವನ್ನೂ ಹಿಡಿಯುವಷ್ಟು ಅಗಲವಾದ, ಪೋಷಕರ ಬಾಯಲ್ಲೂ ಇರುವ ಪದ ‘ನೆರವು’. ಅದನ್ನೇ ಆರಿಸಿಕೊಳ್ಳಿ. ಎದುರಿನ ಪದ ‘ಸ್ವತಂತ್ರವಾಗಿ’ ಎಂದಿರಬೇಕಿಲ್ಲ, ‘ತಾನೇ’ ಸಾಕು. ಮಾಡುವ ಕೆಲಸ ಹೇಳುವುದಕ್ಕೆ ‘ಹೇಳಿಕೆ’, ‘ನಿರ್ದೇಶನ’ ಎಂಬ ನಾಮಪದ ಹುಡುಕುವ ಬದಲು ಆಡುವ ಮಾತನ್ನೇ ಉದ್ಧರಣೆಯಲ್ಲಿಡಿ. ಆಗ ಗುರಿ ಹೀಗಾಗುತ್ತದೆ: ‘“ಕೈ ತೊಳೆ” ಎಂದು ಒಮ್ಮೆ ಹೇಳಿದಾಗ, 7 ಹಂತಗಳಲ್ಲಿ 6ನ್ನು ನೆರವಿಲ್ಲದೆ ತಾನೇ ಮಾಡುತ್ತಾಳೆ, ಸತತ 3 ದಿನ.’ ‘ಒಮ್ಮೆ’ ಎಂಬುದನ್ನು ಬಿಡಬೇಡಿ. ‘ತೊಳೆ, ತೊಳಿಯಮ್ಮ, ತೊಳಿ ಅಂದ್ನಲ್ಲ’ ಎಂದು ಮೂರು ಸಲ ಹೇಳಿದರೆ ಎರಡನೆಯದೂ ಮೂರನೆಯದೂ ಮಾತಿನ ನೆರವೇ. ಬರೆದುಕೊಳ್ಳುವವರು ಅವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ, ಆಮೇಲೆ ‘ಶಾಲೆಯಲ್ಲಿ ಮಾಡುತ್ತಾಳೆ, ಮನೆಯಲ್ಲಿ ಮಾಡುವುದಿಲ್ಲ’ ಎಂಬ ದೂರು ಹುಟ್ಟುತ್ತದೆ.

ನೆರವಿನ ಬಗೆಗಳಿಗೂ ಹೆಸರು ಬೇಕು, ದಾಖಲೆ ಹಾಳೆಯ ಪುಟ್ಟ ಚೌಕದಲ್ಲಿ ಹಿಡಿಸುವಷ್ಟು ಚಿಕ್ಕದಾಗಿ. ಇಲ್ಲಿ ಅಕ್ಷರಗಳು ಡಿಕ್ಕಿ ಹೊಡೆಯುತ್ತವೆ. ‘ಮಾತು’ ಮತ್ತು ‘ಮಾದರಿ’ ಎರಡೂ ‘ಮಾ’. ‘ಸನ್ನೆ’, ‘ಸುಳಿವು’, ‘ಸ್ವತಂತ್ರ’ ಎಲ್ಲವೂ ‘ಸ’ದ ಬಳಗ. ಗೊಂದಲವಿಲ್ಲದ ಸಾಲು ಹೀಗಿರಬಹುದು: ಕೈಹಿಡಿದು ಮಾಡಿಸಿದ್ದು ‘ಕೈ’, ಮೊಣಕೈ ಅಥವಾ ಮಣಿಕಟ್ಟನ್ನು ಮುಟ್ಟಿ ದಾರಿ ಹಿಡಿಸಿದ್ದು ‘ಮು’, ಮಾಡಿ ತೋರಿಸಿದ್ದು ‘ತೋ’, ಬೆರಳು ತೋರಿದ್ದು ‘ಬೆ’, ನುಡಿದದ್ದು ‘ನು’, ತಾನೇ ಮಾಡಿದ್ದು ‘ತಾ’.

ಬೆರಳು ತೋರುವುದಕ್ಕೆ ‘ಸನ್ನೆ’ ಎನ್ನಲಿಲ್ಲವೇಕೆ ಎಂದು ಕೇಳಬಹುದು. ಕಿವುಡು ಮಗುವಿನ ತರಗತಿಯಲ್ಲಿ ಸನ್ನೆ ಭಾಷೆಯೇ ಮಗುವಿನ ಭಾಷೆ. ‘ಸನ್ನೆಯ ನೆರವಿಲ್ಲದೆ ಮಾಡುತ್ತಾನೆ’ ಎಂದು ಬರೆದಿಟ್ಟರೆ, ಓದಿದವರು ಮಗುವಿನೊಡನೆ ಸನ್ನೆಯಲ್ಲಿ ಮಾತಾಡುವುದನ್ನೇ ನಿಲ್ಲಿಸಿಯಾರು. ಆ ಮಗುವಿಗೆ ಸನ್ನೆ ಭಾಷೆಯಲ್ಲಿ ‘ಕೈ ತೊಳೆ’ ಎಂದು ಹೇಳಿದ್ದು ಕೆಲಸ ಹೇಳಿದಂತೆ, ನೆರವು ಕೊಟ್ಟಂತಲ್ಲ. ಅದೇ ಮಾತನ್ನು ಮತ್ತೆ ಹೇಳಿದರೆ ಅದು ‘ನು’.

ಇನ್ನು ಫೇಡಿಂಗ್. ‘ಹಿಂತೆಗೆತ’ದಲ್ಲಿ ಒಂದೇ ಏಟಿಗೆ ಕೈ ಎಳೆದುಕೊಂಡ ಧ್ವನಿ ಇದೆ; ತಾಂತ್ರಿಕವಾಗಿಯೂ ಅದೇ ತಪ್ಪು. ಕನ್ನಡದ ಕ್ರಿಯಾಪದಕ್ಕೆ ‘-ತ್ತಾ ಬರು’ ಎಂಬ ಒಳ್ಳೆಯ ಜೋಡಣೆ ಇರುವಾಗ ನಾಮಪದಕ್ಕೆ ಏಕೆ ಹೆಣಗಬೇಕು? ‘ನೆರವು ತಗ್ಗಿಸುತ್ತಾ ಬರುವುದು’ ಎಂದರೆ ನಿಧಾನವೂ ಬಂತು, ದಿಕ್ಕೂ ಬಂತು. ಶೀರ್ಷಿಕೆಗೆ ಬೇಕೇಬೇಕೆಂದರೆ ‘ನೆರವು ತಗ್ಗಿಕೆ’. ಮುದ್ರಿತ ಸಾಮಗ್ರಿಗೆ ಮಾತ್ರ ‘ಮಾಸು’ ಚೆನ್ನಾಗಿ ಹೊಂದುತ್ತದೆ: ಅಕ್ಷರ ತಿದ್ದಲು ಮೊದಲು ಕಪ್ಪು ಚುಕ್ಕಿಗಳು, ಆಮೇಲೆ ಮಾಸಿದ ಚುಕ್ಕಿಗಳು, ಕೊನೆಗೆ ಶುರುವಿನ ಚುಕ್ಕಿಯೊಂದೇ.

ತಗ್ಗಿಸುವ ದಾರಿಗಳಿಗೆ ‘ಏರುಕ್ರಮ’, ‘ಇಳಿಕ್ರಮ’ ಎಂದರೆ ಏರುವುದು ನೆರವೋ ಸಾಮರ್ಥ್ಯವೋ ತಿಳಿಯದು. ‘ಹೆಚ್ಚಿನಿಂದ ಕಡಿಮೆಗೆ’, ‘ಕಡಿಮೆಯಿಂದ ಹೆಚ್ಚಿಗೆ’ ಎಂದು ಬಿಡಿಸಿಯೇ ಬರೆಯಿರಿ. ಹೊಚ್ಚ ಹೊಸ ಕೆಲಸಕ್ಕೆ ಮೊದಲನೆಯದು, ತಪ್ಪುಗಳು ಕಡಿಮೆಯಾಗುತ್ತವೆ. ಅರ್ಧ ಬರುವ ಕೆಲಸಕ್ಕೆ ಎರಡನೆಯದು. ಮೂರನೆಯ ದಾರಿ ‘ಟೈಮ್ ಡಿಲೇ’, ನೆರವು ಕೊಡುವ ಮೊದಲು ಸ್ವಲ್ಪ ಕಾಯುವುದು. ಮನೋವಿಜ್ಞಾನಿ ಪಾಲ್ ಟುಶೆಟ್ 1971ರಲ್ಲಿ ತೋರಿಸಿಕೊಟ್ಟದ್ದು. ‘ವಿಳಂಬ’ ಎಂದರೆ ತಡವಾಯಿತೆಂಬ ಆಕ್ಷೇಪ ಕೇಳಿಸುತ್ತದೆ. ‘ಕಾಯುವ ಹೊತ್ತು’ ಎನ್ನಿ. ಮೊದಲ ಕೆಲವು ಸುತ್ತು 0 ಸೆಕೆಂಡ್, ಅಂದರೆ ಹೇಳಿದೊಡನೆ ನೆರವು. ಆಮೇಲೆ 4 ಅಥವಾ 5 ಸೆಕೆಂಡ್ ಮನಸ್ಸಿನಲ್ಲೇ ಎಣಿಸಿ, ತೊಡಗದಿದ್ದರೆ ನೆರವು. ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇರುವ ಮಗುವಿಗೆ ಕೈ ಚಲಿಸಲೇ ಅಷ್ಟು ಹೊತ್ತು ಹಿಡಿದೀತು. ಅವಳು ಚಲನೆ ಶುರುಮಾಡಲು ಎಷ್ಟು ಹೊತ್ತು ಬೇಕೆಂದು ಮೊದಲು ಅಳೆದು ಕಾಯುವ ಹೊತ್ತು ನಿಗದಿಮಾಡಬೇಕು.

ನೆರವು ಸಿಗುವವರೆಗೆ ಮಗು ತೊಡಗದೇ ಇರುವ ‘ಪ್ರಾಂಪ್ಟ್ ಡಿಪೆಂಡೆನ್ಸಿ’ಗೆ ‘ನೆರವಿಗೆ ಜೋತುಬೀಳುವುದು’ ಎಂದು ಬರೆಯುವವರಿದ್ದಾರೆ. ಜೋತುಬಿದ್ದಳು ಎಂದೊಡನೆ ತಪ್ಪು ಮಗುವಿನ ತಲೆಗೆ ಬಂತು. ತಗ್ಗಿಸದೆ ಬಿಟ್ಟವರು ದೊಡ್ಡವರು. ಸರಿಯಾದ ಕಾರ್ಡಿನತ್ತ ತಮಗರಿವಿಲ್ಲದೆ ಕಣ್ಣು ಹಾಯಿಸುವವರು, ಅದನ್ನು ಯಾವಾಗಲೂ ಬಲಗಡೆಗೇ ಇಡುವವರು ಕೂಡ ದೊಡ್ಡವರೇ. ‘ನೆರವು ತಗ್ಗಿಲ್ಲ’ ಎಂದು ಬರೆಯಿರಿ.

ಮರುಪ್ರಶ್ನೆ:

‘ನೆರವು’ ತೀರ ಅಗಲವಾಗಲಿಲ್ಲವೇ? ಶ್ರವಣಯಂತ್ರವೂ ನೆರವು, ಮಾತು ಬಾರದ ಮಗುವಿನ ಚಿತ್ರಫಲಕವೂ ನೆರವು. ‘ನೆರವು ತಗ್ಗಿಸುತ್ತಾ ಬನ್ನಿ’ ಎಂದು ಬರೆದರೆ ಫಲಕವನ್ನೇ ಎತ್ತಿಡುವವರು ಇರುತ್ತಾರಲ್ಲ? ‘ಆಸರೆ’ ಎಂದರೆ ಹೇಗೆ?

ಉತ್ತರ:

ಈ ಅಪಾಯ ನಿಜ, ನನ್ನ ಉತ್ತರದಲ್ಲಿ ಅದು ಬಿಟ್ಟುಹೋಗಿತ್ತು. ಆದರೆ ‘ಆಸರೆ’ ಅದನ್ನು ನೀಗುವುದಿಲ್ಲ. ಆಸರೆ ತೆಗೆದರೆ ಬೀಳುತ್ತಾರೆ ಎಂಬುದೇ ಆ ಪದದ ಒಳದನಿ. ಕಲಿಯುವವರೆಗೆ ಮಾತ್ರ ಕೊಡುವ ಬೆಂಬಲವಾದ ‘ಸ್ಕ್ಯಾಫೋಲ್ಡಿಂಗ್’ಗೂ ‘ಆಸರೆ’ ಒಪ್ಪುವುದಿಲ್ಲ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಮನೋವಿಜ್ಞಾನಿಗಳು ಆ ರೂಪಕ ತಂದಾಗ ಮನಸ್ಸಿನಲ್ಲಿದ್ದದ್ದು ಕಟ್ಟಡ ನಿಂತ ಮೇಲೆ ಬಿಚ್ಚುವ ಮರಗಂಬಗಳ ಕಟ್ಟು. ಅದಕ್ಕೆ ನಮ್ಮಲ್ಲಿ ‘ಸಾರುವೆ’ ಎಂಬ ಪದವೇ ಇದೆ. ಕೆಲಸವನ್ನು ಹಗುರ ಮಾಡಿಕೊಡುವುದು, ಗಮನ ಚದುರದಂತೆ ಹಿಡಿದಿಡುವುದು ಎಲ್ಲವೂ ಸಾರುವೆಯೊಳಗೆ ಬರುವುದರಿಂದ ಅದು ಪ್ರಾಂಪ್ಟ್‌ಗಿಂತ ದೊಡ್ಡದು.

ನಿಮ್ಮ ಚಿತ್ರಫಲಕಕ್ಕೆ ‘ನೆರವು’ ಎಂಬ ಪದವನ್ನೇ ಬಳಸದಿರುವುದು ದಾರಿ. ಶ್ರವಣಯಂತ್ರ, ಚಿತ್ರಫಲಕ, ದಪ್ಪಕ್ಷರದ ಪುಸ್ತಕ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಇವೆಲ್ಲ ‘ಅನುಕೂಲ’. ಫಲಕವಿಲ್ಲದ ಮಗುವಿಗೆ ಮಾತೇ ಇಲ್ಲ. ಯೋಜನೆಯ ಹಾಳೆಯಲ್ಲಿ ಎರಡು ಅಂಕಣ ಮಾಡಿ: ‘ತಗ್ಗಿಸಬೇಕಾದ ನೆರವು’, ‘ಉಳಿಯಬೇಕಾದ ಅನುಕೂಲ’. ಫಲಕ ಎರಡನೆಯದರಲ್ಲಿ. ಫಲಕದ ಮೇಲಿನ ‘ನೀರು’ ಚಿತ್ರದತ್ತ ಶಿಕ್ಷಕಿ ಬೆರಳು ತೋರಿದರೆ ಆ ಬೆರಳು ಮೊದಲನೆಯದರಲ್ಲಿ, ‘ಬೆ’ ಎಂದು.